ವಂಶವೃಕ್ಷದಲ್ಲಿ ಕವಲೊಡೆಯದ ಹೆಸರು

ಕೇಳುಗರಿಗೆಲ್ಲ ನಮಸ್ಕಾರ.

1692ರ ಜುಲೈ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ ರೆಬೆಕಾ ನರ್ಸ್ ಎಂಬ ಮುದುಕಿಯನ್ನು ಮಾಟಗಾತಿಯೆಂದು ನೇಣಿಗೆ ಹಾಕಿದರು. ಆಕೆಗೆ ಎಪ್ಪತ್ತು ದಾಟಿತ್ತು, ಕಿವಿ ಮಂದವಾಗಿತ್ತು. ಆಕೆ ಒಳ್ಳೆಯವಳು ಎಂದು ನೆರೆಹೊರೆಯ ಸುಮಾರು 40 ಜನ ಸಹಿ ಹಾಕಿಕೊಟ್ಟರೂ ಪ್ರಯೋಜನವಾಗಲಿಲ್ಲ. ಇವತ್ತು ಅಮೆರಿಕದ ಉದ್ದಗಲಕ್ಕೂ ರೆಬೆಕಾಳ ವಂಶಸ್ಥರಿದ್ದಾರೆ. ಮನೆಯಲ್ಲಿ ಹಿರಿಯರು ಹೇಳಿದ್ದನ್ನಷ್ಟೇ ನಂಬಿ ಕೂತವರಲ್ಲ ಇವರು. ಹತ್ತು ಹನ್ನೆರಡು ತಲೆಮಾರುಗಳನ್ನು ಒಂದೊಂದಾಗಿ, ದಾಖಲೆ ಮುಂದಿಟ್ಟು ತೋರಿಸುತ್ತಾರೆ.

ಇದು ಹೇಗೆ ಸಾಧ್ಯವಾಯಿತು? 1630ರಿಂದ 1640ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು 20,000 ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂದು ಹಟ ಹಿಡಿದ ಕ್ರೈಸ್ತರು, ಇಂಗ್ಲೆಂಡ್ ಬಿಟ್ಟು ನ್ಯೂ ಇಂಗ್ಲೆಂಡಿಗೆ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ನೆರೆಯ ವಸಾಹತುಗಳಿಗೆ ಬಂದರು. ಅದೇ ಕಾಲದಲ್ಲಿ ವರ್ಜೀನಿಯಾಕ್ಕೆ ಹೋದವರಲ್ಲಿ ಒಂಟಿ ಗಂಡಸರೇ ಹೆಚ್ಚು, ಕೂಲಿಯ ಕರಾರಿಗೆ ಹೆಬ್ಬೆಟ್ಟು ಒತ್ತಿದ ಹುಡುಗರು. ಪ್ಯೂರಿಟನ್ನರು ಹಾಗಲ್ಲ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಕೆಲವೊಮ್ಮೆ ತಮ್ಮ ಪಾದ್ರಿಯನ್ನೇ ಹಿಂಬಾಲಿಸಿ ಹಡಗು ಹತ್ತಿದರು. ರೆಬೆಕಾಳ ತಂದೆ ವಿಲಿಯಂ ಟೌನ್ ಕೂಡ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಿಂದ ಸಂಸಾರಸಮೇತ ಬಂದವನೇ.

ಬಂದವರು ಬರೆದಿಟ್ಟರು. 1639ರಲ್ಲೇ ಮ್ಯಾಸಚೂಸೆಟ್ಸ್ ಸಭೆ ಜನನ, ಮದುವೆ, ಮರಣ ಮೂರನ್ನೂ ದಾಖಲಿಸಬೇಕೆಂದು ಆಜ್ಞೆ ಹೊರಡಿಸಿತು. ಮದುವೆ ಅವರಿಗೆ ಚರ್ಚಿನ ಸಂಸ್ಕಾರವಾಗಿರಲಿಲ್ಲ. ಅದನ್ನು ನಡೆಸಿಕೊಡುತ್ತಿದ್ದವನು ನ್ಯಾಯಾಧಿಕಾರಿ. ಹಾಗಾಗಿ ಅದು ಊರಿನ ಪುಸ್ತಕಕ್ಕೆ ಏರಿತು. ಚರ್ಚಿನ ಸದಸ್ಯರ ಮಕ್ಕಳಿಗೆ ಮಾತ್ರ ದೀಕ್ಷಾಸ್ನಾನ ಸಿಗುತ್ತಿದ್ದುದರಿಂದ ಯಾರು ಸದಸ್ಯರು ಎಂಬ ಲೆಕ್ಕವೂ ಉಳಿಯಿತು. ಯಾರಾದರೂ ಸತ್ತರೆ ನೆರೆಯವರು ಬಂದು ಮನೆಯ ಹಾಸಿಗೆ, ಹಂಡೆ, ಹಸು ಎಲ್ಲಕ್ಕೂ ಬೆಲೆ ಕಟ್ಟಿ ಪಟ್ಟಿ ಬರೆಯುತ್ತಿದ್ದರು. ಓದಲು ನನಗೆ ಅತಿ ಇಷ್ಟವಾದ ದಾಖಲೆಗಳು ಈ ಪಟ್ಟಿಗಳೇ. ಆದರೆ ಕೆಲವು ಪಟ್ಟಿಗಳಲ್ಲಿ ಹಸುವಿನ ಪಕ್ಕದ ಸಾಲಿನಲ್ಲೇ ಗುಲಾಮನೊಬ್ಬನ ಬೆಲೆಯೂ ಇರುತ್ತದೆ. 1641ರ ಕಾನೂನುಸಂಹಿತೆ ಅದಕ್ಕೆ ಅವಕಾಶ ಕೊಟ್ಟಿತ್ತು. ಪೂರ್ವಜರನ್ನು ಹುಡುಕಹೊರಟವರು ಆ ಸಾಲನ್ನು ಹಾರಿಸಿ ಓದಬಾರದು. ಆ ಮನುಷ್ಯನಿಗೂ ವಂಶವಿದ್ದಿರಬಹುದು, ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಸಿಗುವ ಏಕೈಕ ಗುರುತು ಆ ಸಾಲೇ ಆಗಿರಬಹುದು.

ಇನ್ನು ಹುಡುಕುವ ದಾರಿ. ತನ್ನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ಅಮೆರಿಕದ ಜನಗಣತಿ ಮನೆಯಲ್ಲಿ ಗುಲಾಮರಲ್ಲದ ಎಲ್ಲರ ಹೆಸರನ್ನೂ ಬರೆದುಕೊಳ್ಳತೊಡಗಿದ್ದು 1850ರಿಂದ. ಅದಕ್ಕೂ ಹಿಂದಿನದಕ್ಕೆ ಊರಿನ ಪುಸ್ತಕಗಳೇ ಗತಿ. ಬಾಸ್ಟನ್ನಿನಲ್ಲಿ 1845ರಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ವಂಶಾವಳಿ ಸಂಘ ಇವುಗಳಲ್ಲಿ ಎಷ್ಟೋ ಊರುಗಳದನ್ನು ಅಚ್ಚು ಹಾಕಿಸಿದೆ. ಆರಂಭದ ವಲಸಿಗರ ಒಬ್ಬೊಬ್ಬರ ವಿವರವನ್ನೂ ಒರೆಗೆ ಹಚ್ಚಿ ನೋಡುವ ದೊಡ್ಡ ಯೋಜನೆಯನ್ನು ಅದೇ ಸಂಘ 1988ರಲ್ಲಿ ಶುರುಮಾಡಿತು.

ಎಡವುವ ಜಾಗಗಳೂ ಇವೆ. 1752ರವರೆಗೆ ಅವರ ಹೊಸ ವರ್ಷ ಬರುತ್ತಿದ್ದುದು ಮಾರ್ಚ್ 25ಕ್ಕೆ. ತಿಂಗಳುಗಳ ಹೆಸರು ಅನ್ಯದೇವತೆಗಳದೆಂದು ಪ್ಯೂರಿಟನ್ನರು ಅಂಕಿಯಲ್ಲೇ ಬರೆಯುತ್ತಿದ್ದರು. ಮಾರ್ಚ್ ಮೊದಲನೆಯದು, ಹಾಗಾಗಿ 'ಹನ್ನೊಂದನೇ ತಿಂಗಳು' ಅಂದರೆ ಜನವರಿ. ತೀರಿಕೊಂಡ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದರು. ಎಲ್ಲಕ್ಕಿಂತ ಕಷ್ಟ ಹೆಂಗಸರದು. ಎಷ್ಟೋ ಕಡೆ 'ಇಂಥವನ ಹೆಂಡತಿ' ಎಂದಷ್ಟೇ ಬರೆದಿದ್ದಾರೆ, ತವರಿನ ಹೆಸರಿಲ್ಲ. ಅಪ್ಪನ ಉಯಿಲಿನಲ್ಲಿ ಮಗಳಿಗೆಂದು ಒಂದು ಹಸುವನ್ನೋ ಬಟ್ಟಲನ್ನೋ ಬರೆದಿಟ್ಟಿದ್ದರೆ ಅಲ್ಲಿ ಎಳೆ ಸಿಕ್ಕೀತು. ಇಂಥ ಖಾಲಿ ಜಾಗಗಳನ್ನು ಕಂಡೇ ಗುಸ್ಟಾವ್ ಆಂಜೂ ಎಂಬಾತ ನೂರು ವರ್ಷಗಳ ಹಿಂದೆ ಶ್ರೀಮಂತರಿಗೆ ಸುಳ್ಳು ವಂಶಾವಳಿ ಮಾರಿದ. ಆ ಸುಳ್ಳುಗಳನ್ನು ಸಂಶೋಧಕರು ಇನ್ನೂ ಕಿತ್ತುಹಾಕುತ್ತಿದ್ದಾರೆ.

ಇಷ್ಟು ಕಷ್ಟಪಟ್ಟು ಪೂರ್ವಜರನ್ನು ಹುಡುಕಿದರೆ ಸತ್ತವರಿಗೇನು ಬಂತು ಎಂದು ಕೇಳುವವರಿದ್ದಾರೆ. ಸೇಲಂನ ಮಟ್ಟಿಗೆ ಬಹಳ ಬಂತು. ರೆಬೆಕಾಳ ಮಕ್ಕಳು ಬೆನ್ನುಬಿಡದೆ ಅರ್ಜಿ ಹಾಕಿದರು. ಆಕೆಯಂತೆ ಮಾಟದ ಆರೋಪಕ್ಕೆ ಶಿಕ್ಷೆಯಾದವರು ಇನ್ನೂ ಅನೇಕರಿದ್ದರು. 1711ರಲ್ಲಿ ಮ್ಯಾಸಚೂಸೆಟ್ಸ್ ಅವರಲ್ಲಿ ಹಲವರ ಶಿಕ್ಷೆ ರದ್ದುಮಾಡಿ ಪರಿಹಾರ ಕೊಟ್ಟಿತು. ರೆಬೆಕಾಳ ಕುಟುಂಬಕ್ಕೆ ಸಿಕ್ಕಿದ್ದು 25 ಪೌಂಡ್. ಮಾರನೇ ವರ್ಷ ಚರ್ಚು ಆಕೆಯ ಬಹಿಷ್ಕಾರವನ್ನು ಅಳಿಸಿತು. 1885ರಲ್ಲಿ ವಂಶಸ್ಥರು ಸೇಲಂ ಪಕ್ಕದ ಡ್ಯಾನ್ವರ್ಸ್‌ನ ಆಕೆಯ ಮನೆಯ ಬಳಿ ಸ್ಮಾರಕಶಿಲೆ ನಿಲ್ಲಿಸಿದರು. ಪಟ್ಟಿಯಲ್ಲಿ ಬಿಟ್ಟುಹೋದ ಉಳಿದವರ ಹೆಸರುಗಳಿಗೆ 1957ರಲ್ಲಿ ಮತ್ತು 2001ರಲ್ಲಿ ನ್ಯಾಯ ಸಿಕ್ಕಿತು.

ಆಮೇಲೂ ಒಂದು ಹೆಸರು ಉಳಿದಿತ್ತು. ಎಲಿಜಬೆತ್ ಜಾನ್ಸನ್, ಆಂಡೋವರ್ ಊರಿನ 22 ವರ್ಷದ ಹುಡುಗಿ. ಸ್ವಂತ ತಾತ, ಪಾದ್ರಿ ಫ್ರಾನ್ಸಿಸ್ ಡೇನ್, ಆಕೆಯನ್ನು ತೀರಾ ಮುಗ್ಧೆ ಎಂಬರ್ಥದಲ್ಲಿ ಬಣ್ಣಿಸಿದ್ದ. ಅದೇ ಮಾಟದ ಆರೋಪಕ್ಕೆ 1693ರಲ್ಲಿ ಆಕೆಗೆ ಮರಣದಂಡನೆ ವಿಧಿಸಿದರು, ಗವರ್ನರ್ ತಡೆದದ್ದರಿಂದ ಜೀವ ಉಳಿಯಿತು. ಕಳಂಕ ಹೋಗಲಿಲ್ಲ. 1712ರಲ್ಲಿ ಆಕೆಯೇ ಅರ್ಜಿ ಬರೆದಳು, ಯಾರೂ ಕಿವಿಗೊಡಲಿಲ್ಲ. 1747ರಲ್ಲಿ ತೀರಿಕೊಂಡಳು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. 'ನಮ್ಮಜ್ಜಿ' ಎಂದು ಅರ್ಜಿ ಹಿಡಿದು ಬರಲು ಮುಂದಿನ ತಲೆಮಾರುಗಳಲ್ಲಿ ಯಾರೂ ಹುಟ್ಟಲಿಲ್ಲ.

ಕೊನೆಗೆ ಆಕೆಯ ಪರವಾಗಿ ನಿಂತವರು ನಾರ್ತ್ ಆಂಡೋವರ್‌ನ ಶಾಲೆಯೊಂದರ ಎಂಟನೇ ತರಗತಿಯ ಮಕ್ಕಳು. ಅವರು ತಮ್ಮ ಟೀಚರ್ ಜೊತೆ ದಾಖಲೆ ಓದಿ ಶಾಸಕರಿಗೆ ಬರೆದರು. 2022ರಲ್ಲಿ ಎಲಿಜಬೆತ್ ಹೆಸರು ಕಾನೂನಿನ ಪ್ರಕಾರ ನಿರ್ದೋಷಿಯಾಯಿತು. ಶಿಕ್ಷೆಯಾಗಿ 329 ವರ್ಷ ಕಳೆದಿತ್ತು.

ಆದ್ದರಿಂದ ಪ್ಯೂರಿಟನ್ ಪೂರ್ವಜರನ್ನು ಹುಡುಕುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮವರೆಗೆ ಇಳಿದು ಬರುವ ನೇರ ಗೆರೆಯೊಂದನ್ನೇ ಬರೆದು ನಿಲ್ಲಿಸಬೇಡಿ. ಪ್ರತಿ ತಲೆಮಾರಿನಲ್ಲೂ ಅಕ್ಕತಂಗಿಯರು, ಮದುವೆಯಾಗದೆ ಉಳಿದ ಅತ್ತೆಯರು, ಎಳವೆಯಲ್ಲೇ ಹೋದ ಮಕ್ಕಳು ಇದ್ದಾರೆ. ಊರಿನ ಪುಸ್ತಕದಲ್ಲಿ ಅವರ ಹೆಸರು ಅದೇ ಪುಟದಲ್ಲೇ ಇರುತ್ತದೆ. ಅವನ್ನೂ ಬರೆದುಕೊಳ್ಳಿ.

ನಮಸ್ಕಾರ.