ನನಗೇನಾದರೂ ತಲೆ ಕೆಟ್ಟಿದೆಯಾ?

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ‘ನನಗೆ ತಲೆ ಸರಿ ಇದೆಯಾ’ ಅಂತ ಸುಮಾರು ವರ್ಷ ಒಳಗೊಳಗೇ ಕೇಳಿಕೊಂಡು ಓಡಾಡಿದವನು, ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವನು. ಈ ಮೈಕ್ ಮುಂದೆ ನಿಲ್ಲಲು ನನಗಿರುವ ಅರ್ಹತೆ ಅಷ್ಟೇ.

ಹುಚ್ಚು ಅನ್ನೋ ಪದ ನಮ್ಮಲ್ಲಿ ಎಷ್ಟು ಅಗ್ಗ ನೋಡಿ. ಓದಿನ ಹುಚ್ಚು, ಕ್ರಿಕೆಟ್ ಹುಚ್ಚು, ಹುಚ್ಚು ಮಳೆ, ಹುಚ್ಚು ಧೈರ್ಯ. ಬೇರೆಯವರಿಗೆ ‘ನಿಂಗೆ ಹುಚ್ಚಾ?’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ, ಅವರೂ ನಕ್ಕು ಸುಮ್ಮನಾಗುತ್ತಾರೆ. ಅದೇ ಪದ ರಾತ್ರಿ ಎರಡು ಗಂಟೆಗೆ, ಎಲ್ಲರೂ ಮಲಗಿರುವಾಗ, ನಮ್ಮ ಕಡೆಗೇ ತಿರುಗಿ ನಿಂತರೆ ಮಾತ್ರ ನಗು ಬರುವುದಿಲ್ಲ.

ನನ್ನ ಕಥೆ ಹೇಳುತ್ತೇನೆ. ಅಕ್ಕನ ಮಗುವಿಗೆ ಆಗ ನಾಲ್ಕು ತಿಂಗಳು. ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ತಲೆಯಲ್ಲಿ ಬಂತು: ಈಗ ಇದನ್ನು ಕೆಳಗೆ ಎಸೆದುಬಿಟ್ಟರೆ? ಕೋಪ ಇಲ್ಲ, ಬೇಜಾರು ಇಲ್ಲ, ಆ ಮಗು ಅಂದರೆ ನನಗೆ ಪ್ರಾಣ. ಕೈಕಾಲು ನಡುಗಿಬಿಟ್ಟಿತು. ಮಗುವನ್ನು ಹಾಸಿಗೆ ಮೇಲೆ ಮಲಗಿಸಿ ಹೊರಗೆ ಹೋದವನು ಆಮೇಲೆ ತಿಂಗಳುಗಟ್ಟಲೆ ಅದನ್ನು ಎತ್ತಿಕೊಳ್ಳಲೇ ಇಲ್ಲ. ಒಂದು ಸಲ ನೆಗಡಿ ಅಂದೆ, ಒಂದು ಸಲ ಕೈನೋವು ಅಂದೆ. ನನಗೆ ಮಕ್ಕಳನ್ನು ಕಂಡರೆ ಆಗಲ್ಲ ಅಂತ ಅಕ್ಕ ತೀರ್ಮಾನ ಮಾಡಿದಳು. ನಾನು ಸುಮ್ಮನಿದ್ದೆ. ನಾನೊಬ್ಬ ರಾಕ್ಷಸ ಅಂತ ತಿಳಿಯುವುದಕ್ಕಿಂತ ಅದೇ ವಾಸಿ ಅಲ್ವಾ?

ಆಗ ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. 1978ರಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿದ್ದರು: ಬೇಡದ, ಅಸಹ್ಯ ಹುಟ್ಟಿಸುವ ಯೋಚನೆಗಳು ತಾವಾಗಿಯೇ ನುಗ್ಗಿ ಬರುತ್ತವಾ? ನೂರಕ್ಕೆ 80 ಜನ ಹೌದು ಅಂದರು. ಯಾರನ್ನೋ ತಳ್ಳಿಬಿಡುವುದು, ಚುಚ್ಚುವುದು, ದೇವರಿಗೆ ಬೈಯುವುದು, ಎತ್ತರದಿಂದ ಹಾರುವುದು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಮಾತಾಡಿಸಿದರು. ಹಿಂದಿನ ಮೂರು ತಿಂಗಳಲ್ಲಿ ಇಂಥದ್ದೊಂದು ಯೋಚನೆಯಾದರೂ ಬಂದಿದೆ ಅಂದವರು ಸುಮಾರು 94%. ಅಂದರೆ ಇಂಥ ಯೋಚನೆ ಬಾರದವರೇ ಅಪರೂಪ.

ಹಾಗಾದರೆ ಇಂಥ ಯೋಚನೆ ಬಿಡದೆ ಕಾಡುವ ಗೀಳಿನ ಕಾಯಿಲೆ, ಅಂದರೆ ಒಸಿಡಿ, ಇರುವವರಿಗೂ ಇಲ್ಲದವರಿಗೂ ಏನು ವ್ಯತ್ಯಾಸ? ಯೋಚನೆ ಹೆಚ್ಚುಕಡಿಮೆ ಅದೇ. ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ಕಾಡುತ್ತದೆ, ಬಂದಾಗ ನಾವು ಅದಕ್ಕೆ ಏನು ಅರ್ಥ ಕಟ್ಟುತ್ತೇವೆ, ವ್ಯತ್ಯಾಸ ಇರುವುದು ಅಲ್ಲಿ. ಒಬ್ಬನಿಗೆ ಬರುತ್ತದೆ, ‘ಛೀ, ಇದೇನಪ್ಪಾ’ ಅಂತ ಮುಂದೆ ಹೋಗುತ್ತಾನೆ. ಇನ್ನೊಬ್ಬ ಅದನ್ನೇ ಹಿಡಿದು, ನಾನು ಎಂಥವನು ಅನ್ನುವುದಕ್ಕೆ ಇದೇ ಸಾಕ್ಷಿ ಅಂದುಕೊಳ್ಳುತ್ತಾನೆ. ಆಮೇಲೆ ಅದು ಬಾರದ ಹಾಗೆ ಕಾವಲು ಕೂರುತ್ತಾನೆ. ಕಾವಲು ಕೂತಷ್ಟೂ ಅದು ಜಾಸ್ತಿ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಒಂದಷ್ಟು ಜನರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಪಾಪ, ಗಂಟೆ ಬಾರಿಸುತ್ತಲೇ ಇದ್ದರು. ಬಿಳಿ ಕರಡಿಯ ಗತಿಯೇ ಹೀಗಾದರೆ, ಮೆಟ್ಟಿಲ ಮೇಲಿನ ಮಗುವನ್ನು ನಾನು ತಲೆಯಿಂದ ಓಡಿಸುವುದು ಹೇಗೆ?

ಇನ್ನು ‘ನಾನು ಬೇರೆ ಥರ’ ಅನ್ನೋ ಭಾವನೆ. ಇದು ಸ್ವಲ್ಪ ಬೇರೆಯೇ ನೋವು. ಎಲ್ಲರೂ ನಗುವ ಜೋಕಿಗೆ ನಗು ಬರುವುದಿಲ್ಲ. ಹತ್ತು ಜನರ ನಡುವೆ ಕೂತಾಗ ಗಾಜಿನ ಆಚೆಯಿಂದ ನೋಡುತ್ತಿರುವ ಹಾಗೆ ಇರುತ್ತದೆ. ನಮ್ಮ ತಲೆಯೊಳಗಿನ ಗಲಾಟೆ ನಮಗೆ ಕೇಳುತ್ತದೆ, ಪಕ್ಕದವರದು ಕೇಳುವುದಿಲ್ಲ, ಹಾಗಾಗಿ ಅಲ್ಲಿ ಗಲಾಟೆಯೇ ಇಲ್ಲ ಅಂದುಕೊಳ್ಳುತ್ತೇವೆ.

ಸೋಲೊಮನ್ ಆಶ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದರು. 1950ರ ದಶಕದಲ್ಲಿ ಅವರು ಮಾಡಿದ ಪ್ರಯೋಗ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಂದು ಗೆರೆ ತೋರಿಸುತ್ತಾರೆ. ಪಕ್ಕದ ಮೂರು ಗೆರೆಗಳಲ್ಲಿ ಇದರಷ್ಟೇ ಉದ್ದ ಇರುವುದು ಯಾವುದು? ಸಣ್ಣ ಮಗು ಕೂಡ ಹೇಳಬಹುದು. ಆದರೆ ಕೋಣೆಯಲ್ಲಿ ಇದ್ದವರೆಲ್ಲ ಆಶ್ ಕಡೆಯವರು, ಬೇಕಂತಲೇ ತಪ್ಪು ಉತ್ತರ ಹೇಳುತ್ತಾರೆ. ಒಬ್ಬನಿಗೆ ಮಾತ್ರ ಈ ನಾಟಕ ಗೊತ್ತಿಲ್ಲ. ಅವನ ಸರದಿ ಬಂದಾಗ, ಮೂರರಲ್ಲಿ ಒಂದು ಪಾಲಿನಷ್ಟು ಸಲ, ಗುಂಪು ಹೇಳಿದ ತಪ್ಪನ್ನೇ ಹೇಳಿದ. ಎಲ್ಲರೂ ಹಾಗೆ ಮಾಡಲಿಲ್ಲ, ಕಾಲುಭಾಗದಷ್ಟು ಜನ ಒಮ್ಮೆಯೂ ಬಗ್ಗಲಿಲ್ಲ. ಆದರೆ ಆಮೇಲೆ ಕೇಳಿದಾಗ, ತಪ್ಪು ತಮ್ಮ ಕಡೆಯದೇ ಇರಬೇಕು ಅಂದುಕೊಂಡವರೂ ಇದ್ದರು. ಒಂದು ಗೆರೆಯ ವಿಷಯಕ್ಕೇ ಹೀಗೆ. ಒಂದು ಮನೆಯಲ್ಲಿ, ಒಂದು ಆಫೀಸಿನಲ್ಲಿ, ವರ್ಷಗಟ್ಟಲೆ ಎಲ್ಲರೂ ಸೇರಿ ‘ನೀನು ನೋಡಿದ್ದು ತಪ್ಪು, ಹಾಗೇನೂ ಆಗೇ ಇಲ್ಲ, ನಿಂದು ಅತಿಯಾಯ್ತು’ ಅಂತಿದ್ದರೆ ಮನುಷ್ಯ ತನ್ನ ತಲೆಯನ್ನೇ ಅನುಮಾನಿಸದೆ ಏನು ಮಾಡುತ್ತಾನೆ?

ಈ ಪ್ರಯೋಗದ ಇನ್ನೊಂದು ಭಾಗ ಅಷ್ಟಾಗಿ ಯಾರೂ ಹೇಳುವುದಿಲ್ಲ, ನನಗೆ ಅದೇ ಹೆಚ್ಚು ಇಷ್ಟ. ಆ ಕೋಣೆಯಲ್ಲಿ ಇನ್ನೊಬ್ಬನೂ ಸರಿ ಉತ್ತರ ಹೇಳಿದರೆ ಸಾಕು, ನಮ್ಮವನ ತಪ್ಪುಗಳು ಕಾಲುಭಾಗಕ್ಕೆ ಇಳಿದವು. ಅಷ್ಟೇ ಅಲ್ಲ. ಆ ಇನ್ನೊಬ್ಬ ಸರಿ ಉತ್ತರವನ್ನೇ ಹೇಳಬೇಕು ಅಂತಲೂ ಇಲ್ಲ. ಗುಂಪಿಗಿಂತ ಬೇರೆಯಾದ ಇನ್ನೊಂದು ತಪ್ಪು ಹೇಳಿದರೂ ನಮ್ಮವನಿಗೆ ಧೈರ್ಯ ಬರುತ್ತಿತ್ತು!

ಆದರೆ ಆ ಇನ್ನೊಬ್ಬ ಬಾಯಿಯೇ ಬಿಡದಿದ್ದರೆ? 1971ರಲ್ಲಿ ವೇಲ್ಸ್‌ನ ಡ್ಯೂಯಿ ರೀಸ್ ಎಂಬ ಡಾಕ್ಟರು ಗಂಡ ಅಥವಾ ಹೆಂಡತಿ ಸತ್ತುಹೋದ 293 ಜನರನ್ನು ಮಾತಾಡಿಸಿದ್ದನ್ನು ಬರೆದರು. ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ಸತ್ತವರು ಪಕ್ಕದಲ್ಲೇ ಇದ್ದಾರೆ ಅನ್ನಿಸಿತ್ತು. ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿತ್ತು. ಎಷ್ಟೋ ಜನಕ್ಕೆ ಅದರಿಂದ ಭಯ ಆಗಿರಲಿಲ್ಲ, ಸಮಾಧಾನವೇ ಆಗಿತ್ತು. ಆದರೆ ಅವರಲ್ಲಿ ಮುಕ್ಕಾಲುಭಾಗದಷ್ಟು ಜನ ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ, ಇಬ್ಬರು ವಿಧವೆಯರು ಇದೇ ಗುಟ್ಟನ್ನು ಇಟ್ಟುಕೊಂಡು ಎದುರುಬದುರು ಮನೆಯಲ್ಲಿ ಇದ್ದಿರಬಹುದು. ಯೋಚನೆ ಮಾಡಿದರೆ ಹೊಟ್ಟೆ ಸಂಕಟವಾಗುತ್ತದೆ.

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ಗಾದೆ ಇದೆಯಲ್ಲ. ನಮ್ಮ ಕಥೆಯೂ ಅದೇ. ನನಗೆ ಹುಚ್ಚಿಲ್ಲ ಅಂತ ಖಾತ್ರಿ ಆಗದೆ ಬಾಯಿ ಬಿಡುವುದಿಲ್ಲ, ಬಾಯಿ ಬಿಡದೆ ಖಾತ್ರಿ ಆಗುವುದಿಲ್ಲ. ಅಳೆಯುವ ಕೋಲೇ ಸರಿ ಇದೆಯೋ ಇಲ್ಲವೋ ಅಂತ ಅದೇ ಕೋಲಿನಿಂದ ಅಳೆದು ನೋಡಿದರೆ ಏನು ಗೊತ್ತಾಗುತ್ತದೆ?

ಒಂದು ಸುಳ್ಳು ಸಮಾಧಾನ ಓಡಾಡುತ್ತಿದೆ, ಅದನ್ನು ನಂಬಬೇಡಿ. ‘ನಿಜವಾದ ಹುಚ್ಚರಿಗೆ ತಮಗೆ ಹುಚ್ಚು ಅಂತ ಗೊತ್ತಾಗಲ್ಲ, ನಿನಗೆ ಅನುಮಾನ ಬಂದಿದೆ ಅಂದಮೇಲೆ ನೀನು ಸರಿ ಇದ್ದೀಯ ಬಿಡು.’ ಇದು ಅರ್ಧ ಸತ್ಯ. ಕೆಲವು ಕಾಯಿಲೆಗಳಲ್ಲಿ ತನಗೆ ಕಾಯಿಲೆ ಅನ್ನೋ ಅರಿವೇ ಹೋಗುತ್ತದೆ, ನಿಜ. ಆದರೆ ಗೀಳಿನ ಕಾಯಿಲೆ ಇರುವ ಎಷ್ಟೋ ಜನಕ್ಕೆ ತಾವು ಮಾಡುತ್ತಿರುವುದು ಅತಿ ಅಂತ ಚೆನ್ನಾಗಿ ಗೊತ್ತಿರುತ್ತದೆ, ಆದರೂ ನಿಲ್ಲಿಸಲು ಆಗುವುದಿಲ್ಲ. ಖಿನ್ನತೆಯಲ್ಲೂ ಹಾಗೆಯೇ, ಏನೋ ಸರಿ ಇಲ್ಲ ಅಂತ ಗೊತ್ತಿರುತ್ತದೆ. ಭ್ರಮೆ ಹುಟ್ಟಿಸುವ ಕಾಯಿಲೆಯ ಶುರುವಿನಲ್ಲಿ ಕೂಡ ‘ಇದು ನಿಜವಾ, ನನ್ನ ಕಲ್ಪನೆಯಾ’ ಅಂತ ಅಲ್ಲಾಡುವ ದಿನಗಳಿರುತ್ತವೆ. ಅನುಮಾನ ಬಂತು ಅಂದಮಾತ್ರಕ್ಕೆ ಪಾಸೂ ಅಲ್ಲ, ಫೇಲೂ ಅಲ್ಲ.

ಬೇರೆ ಥರ ಇರುವುದನ್ನೇ ಕಾಯಿಲೆ ಅಂದ ಡಾಕ್ಟರುಗಳೂ ಇದ್ದರು ಅನ್ನುವುದನ್ನೂ ಹೇಳಬೇಕು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಅಮೆರಿಕದ ವೈದ್ಯ, ಗುಲಾಮರು ಓಡಿಹೋಗುವುದು ಒಂದು ಮಾನಸಿಕ ರೋಗ ಅಂತ ಅದಕ್ಕೊಂದು ಹೆಸರು ಕೊಟ್ಟ! ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಹಾಗಂತ ಡಾಕ್ಟರ ಹತ್ತಿರ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ಯಾಕೆಂದರೆ ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ಸಾಯುವ ಯೋಚನೆ ಬಂದು ಹೋಗದೆ ಕೂತುಬಿಟ್ಟರೆ. ಯಾರೂ ಇಲ್ಲದಾಗ ದನಿ ಕೇಳಿ, ಅದು ಹಾಗೆ ಮಾಡು, ಹೀಗೆ ಮಾಡು ಅಂತ ಹೇಳುತ್ತಿದ್ದರೆ. ಎಲ್ಲರೂ ಸೇರಿ ನನ್ನ ಹಿಂದೆ ಬಿದ್ದಿದ್ದಾರೆ ಅಂತ ಗಟ್ಟಿಯಾಗಿ ಅನ್ನಿಸುತ್ತಿದ್ದರೆ. ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ಸುಸ್ತೇ ಆಗದಿದ್ದರೆ. ಮತ್ತೆ ಎಷ್ಟೋ ಸಲ ಬೇರು ಮೈಯಲ್ಲೇ ಇರುತ್ತದೆ: ಥೈರಾಯ್ಡ್ ಏರುಪೇರು, ಬಿ12 ಕೊರತೆ, ವಯಸ್ಸಾದವರಿಗೆ ಬರುವ ಯಾವುದೋ ಸೋಂಕು. ಬರೀ ನಿದ್ದೆಗೆಟ್ಟರೂ ಸಾಕು. 1959ರಲ್ಲಿ ನ್ಯೂಯಾರ್ಕಿನ ರೇಡಿಯೋ ನಿರೂಪಕ ಪೀಟರ್ ಟ್ರಿಪ್ ಪಣ ತೊಟ್ಟು 200 ಗಂಟೆ ಎಚ್ಚರ ಇದ್ದ, ಕೊನೆಕೊನೆಗೆ ಇಲ್ಲದ್ದೆಲ್ಲ ಕಾಣತೊಡಗಿತ್ತು. ಅದಕ್ಕೇ ನಾನು ‘ನನಗೆ ಹುಚ್ಚಾ’ ಅಂತ ಕೇಳಿಕೊಳ್ಳುವುದನ್ನು ಬಿಟ್ಟು, ‘ನಿದ್ದೆ ಆಯ್ತಾ, ಊಟ ಸೇರುತ್ತಿದೆಯಾ, ಇದು ಎಷ್ಟು ದಿನದಿಂದ, ಇದರಿಂದ ಏನೇನು ಮಾಡುವುದು ನಿಂತಿದೆ’ ಅಂತ ಕೇಳಿಕೊಳ್ಳುತ್ತೇನೆ. ಇವಕ್ಕೆ ಉತ್ತರ ಸಿಗುತ್ತದೆ. ಮೊದಲಿನದಕ್ಕೆ ನನಗೆ ಒಂದು ಸಲವೂ ಸಿಕ್ಕಿಲ್ಲ.

ಅಕ್ಕನಿಗೆ ಕೊನೆಗೂ ಹೇಳಿದೆ, ಮಗು ನಡೆಯಲು ಕಲಿತಮೇಲೆ. ಫೋನಿನಲ್ಲೇ ಹೇಳಿದೆ, ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಅವಳು ‘ಛೆ, ಏನೂ ಆಗಿಲ್ಲ ಬಿಡು’ ಅನ್ನಲಿಲ್ಲ. ಸ್ವಲ್ಪ ಹೊತ್ತು ಮಾತಾಡದೆ ಇದ್ದು ‘ಯಾವಾಗಿಂದ?’ ಅಂತ ಕೇಳಿದಳು. ಎಲ್ಲ ಹೇಳಿದೆ. ಆಮೇಲೆ ಅವಳು, ‘ನಂಗೆ ಕಿಟಕಿ ಹತ್ತಿರ ನಿಂತಾಗ ಬರ್ತಿತ್ತು ಕಣೋ. ನಿಮ್ಮ ಭಾವಂಗೂ ಹೇಳಿಲ್ಲ’ ಅಂದಳು.

ಈಗ ಪ್ರಶ್ನೆಗಳಿದ್ದರೆ ಕೇಳಿ. ಮೈಕ್ ಹಿಡಿದೇ ಕೇಳಬೇಕು ಅಂತೇನೂ ಇಲ್ಲ, ನಿಮ್ಮ ಕುರ್ಚಿ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇವೆ. ಹೆಸರು ಬರೆಯುವುದು ಬೇಡ.