ಬ್ಯಾಂಕಿನ ಲಾಕರ್ ರೂಮಿನಲ್ಲಿ ಹಳೆ ಸಾಮಾನಿನ ಸಂತೆ

(ತೆರೆಯ ಮೇಲೆ: ಗಡಿಯಾರದ ಗೋಪುರ)

ಬ್ಯಾಂಕಿನ ಲಾಕರ್ ರೂಮಿಗೆ ಇಳಿದು ಯಾರಾದರೂ ಹಳೆ ಕೋಟು ಕೊಳ್ಳೋಕೆ ಚೌಕಾಸಿ ಮಾಡ್ತಾರಾ? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾಡಿದ್ದಾರೆ, ಅದೂ ವಾರ ವಾರ.

ಇದು ವಿಲಿಯಮ್ಸ್‌ಬರ್ಗ್ ಸೇವಿಂಗ್ಸ್ ಬ್ಯಾಂಕ್ ಟವರ್. ಎತ್ತರ 512 ಅಡಿ. 1929ರಲ್ಲಿ ಬಾಗಿಲು ತೆರೆಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಶೇರು ಪೇಟೆ ಕುಸಿಯಿತು. ಎಂಥ ಮುಹೂರ್ತ ನೋಡಿ! ಆದರೂ ಸುಮಾರು 80 ವರ್ಷ ಬ್ರೂಕ್ಲಿನ್‌ನಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಮೇಲಿನ ಮಹಡಿಗಳಲ್ಲಿ ಯಾಕೋ ಹಲ್ಲಿನ ಡಾಕ್ಟರುಗಳೇ ಜಾಸ್ತಿ ಇದ್ದರು. ಆಮೇಲೆ ಬ್ಯಾಂಕು ಹೋಯಿತು, ಡಾಕ್ಟರುಗಳೂ ಹೋದರು, ಮೇಲೆಲ್ಲ ಫ್ಲಾಟ್ ಆಯಿತು. ಉಳಿದಿದ್ದು ಕೆಳಗಿನ ಹಾಲ್.

(ತೆರೆಯ ಮೇಲೆ: ಹಾಲ್‌ನ ಚಾವಣಿ)

ಆ ಹಾಲ್ ಸಾಮಾನ್ಯದ್ದಲ್ಲ. ಚಾವಣಿ 63 ಅಡಿ ಮೇಲೆ. ಅಮೃತಶಿಲೆ, ಬಣ್ಣದ ಚೂರು ಜೋಡಿಸಿದ ಚಿತ್ತಾರ, ಹಣ ಕಟ್ಟುವ ಹಳೆ ಕೌಂಟರುಗಳು. ಇದು ಸಂರಕ್ಷಿತ ಕಟ್ಟಡ, ಒಳಗಿನ ಹಾಲ್ ಕೂಡ. ಮನಸ್ಸಿಗೆ ಬಂದ ಹಾಗೆ ಒಡೆಯುವಂತಿಲ್ಲ, ಗೋಡೆ ಎಬ್ಬಿಸುವಂತಿಲ್ಲ. ಇಂಥ ಜಾಗಕ್ಕೆ ಬಾಡಿಗೆಗೆ ಬರುವವರು ಯಾರು ಹೇಳಿ?

ಸಂತೆ ಬಂತು. ಬ್ರೂಕ್ಲಿನ್ ಫ್ಲೀ ಅಂತ ಹೆಸರು, ಜೋನಾಥನ್ ಬಟ್ಲರ್ ಮತ್ತು ಎರಿಕ್ ಡೆಂಬಿ 2008ರಲ್ಲಿ ಒಂದು ಹೈಸ್ಕೂಲಿನ ಅಂಗಳದಲ್ಲಿ ಶುರು ಮಾಡಿದ್ದು. ಅಲ್ಲಿಯ ಚಳಿಗಾಲದಲ್ಲಿ ಅಂಗಳದಲ್ಲಿ ನಿಂತು ವ್ಯಾಪಾರ ಮಾಡೋಕೆ ಆಗುತ್ತಾ? 2010ರ ಚಳಿಗೆ ಸಂತೆ ಬ್ಯಾಂಕಿನೊಳಗೆ ನುಗ್ಗಿತು. ಹಾಲ್‌ನಲ್ಲಿ ಹಳೆ ಕುರ್ಚಿ, ಮೇಜು, ಗ್ರಾಮಫೋನ್ ಪ್ಲೇಟು, ಬಟ್ಟೆ. ಜಾಗ ಸಾಲದ ಕೆಲವರು ಕೆಳಗೆ ಲಾಕರ್ ರೂಮಿನಲ್ಲಿ, ಆ ದಪ್ಪ ಉಕ್ಕಿನ ಬಾಗಿಲಿನ ಒಳಗೇ ಅಂಗಡಿ ಹೂಡಿದರು. ಹಳೆ ಕಟ್ಟಡಕ್ಕೆ ಸಂತೆಯಷ್ಟು ಒಳ್ಳೆ ಬಾಡಿಗೆದಾರ ಸಿಗಲ್ಲ ಅಂತ ನನಗೆ ಅನ್ನಿಸೋದು ಇಲ್ಲೇ. ಬೆಳಿಗ್ಗೆ ಮಡಚುವ ಮೇಜು ಬಿಚ್ಚಿದರು, ಸಂಜೆ ಮಡಚಿಕೊಂಡು ಹೋದರು, ಗೋಡೆಗೆ ಒಂದು ಮೊಳೆಯೂ ಬೇಡ.

ಹಾಗಂತ ಅಲ್ಲೇ ಉಳಿಯಲಿಲ್ಲ. ಸಂತೆ ಜಾಗ ಬದಲಿಸುತ್ತಾ ಹೋಯಿತು, ಆಮೇಲೆ ಮ್ಯಾನ್‌ಹಟನ್ ಸೇತುವೆಯ ಕಮಾನಿನ ಕೆಳಗೂ ಕೂತಿತು.

(ತೆರೆಯ ಮೇಲೆ: ಕಾರವಾರ, ಭಾನುವಾರದ ಸಂತೆ)

ಈಗ ನಮ್ಮ ಕಡೆ ಬನ್ನಿ. ಯುದ್ಧನೌಕೆಯನ್ನೇ ದಡಕ್ಕೆ ತಂದು ಮ್ಯೂಸಿಯಂ ಮಾಡಿದ ಊರು ಇದು, ಟ್ಯಾಗೋರ್ ಬೀಚಿನಲ್ಲಿ ಆ ‘ಚಪಲ್’ ನೌಕೆ ನೋಡಿರ್ತೀರಿ ಅಲ್ವಾ. ಅವರಿಗೆ ಹಿಮ, ನಮಗೆ ಮಳೆ. ಜೂನ್‌ನಿಂದ ತಾಡಪಾಲಿನ ಕೆಳಗೆ ಅರ್ಧ ನೆನೆದುಕೊಂಡೇ ವ್ಯಾಪಾರ. ಖಾಲಿ ಬಿದ್ದ ಹೆಂಚಿನ ಗೋದಾಮು ವಾರಕ್ಕೊಂದು ದಿನ ಸಂತೆಗೆ ಸಿಕ್ಕರೆ ಒಳ್ಳೇದೇ. ಆದರೆ ಒಂದು ಮಾತು. ಬ್ರೂಕ್ಲಿನ್‌ನಲ್ಲಿ ಮೇಜು ಹಾಕೋಕೆ ಬಾಡಿಗೆ ಕಟ್ಟಬೇಕು. ಇಲ್ಲಿ ಬುಟ್ಟಿಯಲ್ಲಿ ಬಸಳೆ, ಹರಿವೆ ಸೊಪ್ಪು ತರುವ ಹಾಲಕ್ಕಿ ಸಮುದಾಯದ ಅಮ್ಮಂದಿರಿಗೂ ಅದೇ ಲೆಕ್ಕ ಹಾಕಿದರೆ ಅವರು ಹೊರಗೆ ಮಳೆಯಲ್ಲೇ ಕೂರ್ತಾರೆ, ಒಳಗೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳು ಕೂರ್ತವೆ. ಸೂರು ಹುಡುಕುವ ಮೊದಲು ಬುಟ್ಟಿಗೆ ಎಷ್ಟು, ಮೇಜಿಗೆ ಎಷ್ಟು ಅನ್ನೋದು ತೀರ್ಮಾನ ಆಗಲಿ.