ಪೂಜೆ ಮುಗಿದ ಮೇಲೆ ಹತ್ತು ನಿಮಿಷ

ಫಾದರ್, ಸಿಸ್ಟರ್‌ಗಳೇ, ಅಕ್ಕ-ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ. ಧರ್ಮಕೇಂದ್ರದ, ಅಂದರೆ ನಮ್ಮ ಈ ಚರ್ಚಿಗೆ ಸೇರಿದವರೆಲ್ಲರ ಜೀವನಕ್ಕೆ ಮತ್ತೆ ಕಳೆ ಬರೋದು ಹೇಗೆ ಅಂತ ಮಾತಾಡಲು ಹೇಳಿದ್ದಾರೆ. ವಿಷಯ ದೊಡ್ಡದು. ನಾನು ಗೇಟಿನಿಂದ ಶುರು ಮಾಡುತ್ತೇನೆ.

ಭಾನುವಾರ ಕನ್ನಡ ಪೂಜೆಯಲ್ಲಿ ಕೊನೆಯ ಹಾಡಿನ ಎರಡನೇ ಚರಣ ಬರುವಷ್ಟರಲ್ಲಿ ಹೊರಗೆ ಗಾಡಿಗಳು ಸ್ಟಾರ್ಟ್ ಆಗಿರುತ್ತವೆ. ಅದರಲ್ಲಿ ನನ್ನದೂ ಒಂದು, ಸುಮ್ನೆ ಯಾಕೆ ಸುಳ್ಳು ಹೇಳಲಿ. ಒಳಗೆ ಶಾಂತಿ ಕೋರಿ ಪಕ್ಕದವರಿಗೆ ಕೈ ಮುಗಿದಿರುತ್ತೇವೆ. ಹೊರಗೆ ಅದೇ ಮನುಷ್ಯನಿಗೆ ‘ಸ್ವಲ್ಪ ಗಾಡಿ ಸರಿಸ್ರೀ’ ಅನ್ನುತ್ತೇವೆ. ವಾರಕ್ಕೆ ನಮ್ಮಿಬ್ಬರ ಮಾತು ಅಷ್ಟೇ.

ಹೋದ ವರ್ಷ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎರಡು ತಿಂಗಳು ಹಾಸಿಗೆ. ಪಕ್ಕದ ಮನೆಯ ಲಿಂಗಾಯತ ಅಕ್ಕ ದಿನಾ ರೊಟ್ಟಿ, ಪುಂಡಿಪಲ್ಯ ಕಳಿಸಿದರು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಅವ್ವ ಮಲಗಿದಲ್ಲಿಂದಲೇ ಹೇಳಿ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿಸುತ್ತಿದ್ದಳು. ಚರ್ಚಿನ ಕಡೆಯಿಂದ ಯಾರೂ ಬರಲಿಲ್ಲ. ಸಿಟ್ಟು ಬಂತು. ಆಮೇಲೆ ಹೊಳೆಯಿತು, ನಾನು ಯಾರಿಗಾದರೂ ಹೇಳಿದ್ದೆನಾ? ಮೂವತ್ತು ವರ್ಷದಿಂದ ಅದೇ ಬೆಂಚು, ನನ್ನ ಹಿಂದೆ ಕೂರುವವರ ಮನೆ ಟಿಳಕವಾಡಿಯಲ್ಲಿದೆಯೋ ಗಣೇಶಪುರದಲ್ಲಿದೆಯೋ ನನಗೂ ಗೊತ್ತಿಲ್ಲ.

ಬೆಳಗಾವಿಯಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ಪ್ರದೇಶ, ಆಗಿದ್ದು 1953ರಲ್ಲಿ, ಗೋವೆಯ ಕಡೆಯ ಒಂದಷ್ಟು ಭಾಗ, ಪುಣೆಯ ಕಡೆಯ ಒಂದಷ್ಟು ಭಾಗ ಸೇರಿ. ಹಾಗಾಗಿ ಮೊದಲಿನಿಂದಲೂ ಕೊಂಕಣಿ, ಮರಾಠಿ, ಕನ್ನಡ ಎಲ್ಲವೂ ನಮ್ಮದೇ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ರೋಮಿನಲ್ಲಿ ಸೇರಿದ ಜಗತ್ತಿನ ಬಿಷಪ್ಪರ ಸಭೆ, ಜನರ ಭಾಷೆಯಲ್ಲಿ ಪೂಜೆ ಮಾಡಲು ದಾರಿ ತೆರೆಯಿತು. ಒಳ್ಳೆಯದೇ ಆಯಿತು, ಲ್ಯಾಟಿನ್‌ಗೆ ವಾಪಸ್ ಹೋಗೋಣ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಆಗ ಯಾರಿಗೂ ಅರ್ಥವಾಗದ ಒಂದೇ ಪೂಜೆಗೆ ಎಲ್ಲರೂ ಬರುತ್ತಿದ್ದರು, ಈಗ ಎಲ್ಲರಿಗೂ ಅರ್ಥವಾಗುವ ಬೇರೆ ಬೇರೆ ಪೂಜೆಗೆ ಬೇರೆ ಬೇರೆ ಹೊತ್ತಿಗೆ ಬರುತ್ತೇವೆ. ಕನ್ನಡದವರು ಹೊರಗೆ ಬರುವಾಗ ಕೊಂಕಣಿಯವರು ಒಳಗೆ ಹೋಗುತ್ತಿರುತ್ತಾರೆ. ಬಾಗಿಲಲ್ಲಿ ಭುಜ ತಾಗುತ್ತದೆ, ಅಷ್ಟೇ.

ಕಥೋಲಿಕ ಧರ್ಮಸಭೆಯ 1983ರ ಕಾನೂನು ಧರ್ಮಕೇಂದ್ರ ಅಂದರೆ ಜನ ಸಮುದಾಯ ಅನ್ನುತ್ತದೆ, ಕಟ್ಟಡ ಅನ್ನುವುದಿಲ್ಲ. ಅದೇ ಕಾನೂನಿನಲ್ಲಿ ಒಂದು ತಮಾಷೆ ಇದೆ. ದುಡ್ಡು ನೋಡಿಕೊಳ್ಳುವ ಸಮಿತಿ ಪ್ರತಿ ಧರ್ಮಕೇಂದ್ರದಲ್ಲಿ ಇರಲೇಬೇಕು. ಜನರ ಕಾಳಜಿಯ ವಿಷಯ ನೋಡುವ ಪಾಲನಾ ಪರಿಷತ್ತು ಮಾತ್ರ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಬೇಕು ಅನಿಸಿದರೆ, ಅದೂ ಬರೀ ಸಲಹೆ ಕೊಡಲು. ಫಾದರ್ ನಗುತ್ತಿದ್ದಾರೆ, ನೋಡಿ.

ನಾವು ಕೆಲವರು ಸೇರಿ ಪೂಜೆ ಆದ ಮೇಲೆ ಚಹಾ ಇಟ್ಟೆವು. ಮೊದಲ ವಾರ ಹೋಟೆಲಿನಿಂದ ಕ್ಯಾನ್ ತರಿಸಿದೆವು. ಪೂರ್ತಿ ಫೇಲು. ಮರಾಠಿಯವರು ಬೇವಿನ ಗಿಡದ ಕೆಳಗೆ, ನಮ್ಮವರು ಮೆಟ್ಟಿಲ ಹತ್ತಿರ, ಕಪ್ಪು ಕೆಳಗಿಟ್ಟು ಎಲ್ಲರೂ ಮಾಯ. ಆಮೇಲೆ ಒಂದು ಓಣಿಯವರು ಮನೆಯಲ್ಲೇ ಕುದಿಸಿ ತಂದು ತಾವೇ ಬಡಿಸೋದು ಅಂತ ಮಾಡಿದೆವು. ಕೈಯಲ್ಲಿ ಕೆಟಲ್ ಹಿಡಿದವರು ಸುಮ್ನೆ ನಿಲ್ಲೋಕಾಗಲ್ಲ, ಅಲ್ವಾ? ‘ಸಕ್ಕರೆ ಹಾಕಲಾ?’ ಅಂತಾದರೂ ಕೇಳಬೇಕು. ಆ ಒಂದು ಪ್ರಶ್ನೆಯಿಂದ ಯಾರಿಗೆ ಶುಗರ್ ಇದೆ, ಯಾರ ಮಗ ಪುಣೆಗೆ ಹೋದ, ಯಾರ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ, ಎಲ್ಲ ಹೊರಗೆ ಬಂತು.

ಕಿರು ಕ್ರೈಸ್ತ ಸಮುದಾಯಗಳು, ಅಂದರೆ ಕೆಲವು ಮನೆಯವರು ಸೇರಿ ಪ್ರಾರ್ಥನೆ ಮಾಡುವ ಸಣ್ಣ ಗುಂಪುಗಳು, ನಮ್ಮಲ್ಲೂ ಇವೆ, ಜಾಸ್ತಿ ಕಾಗದದ ಮೇಲೆ. ಅವನ್ನು ಭಾಷೆಯ ಮೇಲೆ ಮಾಡಬೇಡಿ, ಓಣಿಯ ಮೇಲೆ ಮಾಡಿ ಅನ್ನೋದೇ ನನ್ನ ಮಾತು. ಅಕ್ಟೋಬರಿನಲ್ಲಿ ನಮ್ಮ ಓಣಿಯ ಜಪಮಾಲೆಗೆ ಕೊಂಕಣಿ ಮಾವಶಿಯೊಬ್ಬರು ಬಂದರು. ಅವರಿಗೆ ಕನ್ನಡದಲ್ಲಿ ಜಪ ಬರಲ್ಲ. ‘ನಮಾನ್ ಮೋರಿಯೆ’ ಅಂತ ಅವರು ಕೊಂಕಣಿಯಲ್ಲಿ ಶುರು ಮಾಡಿದರು, ಹುಡುಗರು ‘ಸಂತ ಮರಿಯ’ ಅಂತ ಕನ್ನಡದಲ್ಲಿ ಮುಗಿಸಿದರು. ಮೊದಲ ಹತ್ತು ಮಣಿ ಎಡವುತ್ತಾ ಹೋಯಿತು. ಮೂರನೇ ಹತ್ತಕ್ಕೆ ಯಾರು ಯಾವ ಭಾಷೆ ಅಂತ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಈಗ ಅವರು ಅವ್ವನನ್ನು ನೋಡೋಕೆ ವಾರಕ್ಕೊಮ್ಮೆ ಬರುತ್ತಾರೆ. ಇಬ್ಬರೂ ಅರ್ಧ ಅರ್ಧ ಅರ್ಥ ಮಾಡಿಕೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ, ಸೊಸೆಯಂದಿರ ಬಗ್ಗೆ ಅಂತ ನನ್ನ ಅನುಮಾನ.

ಬರುವ ಭಾನುವಾರ ಗಣೇಶಪುರದವರ ಪಾಳಿ. ಎರಡು ದೊಡ್ಡ ಕೆಟಲ್ ಬೇಕು, ನಮ್ಮದರ ಹಿಡಿ ಕಿತ್ತು ಹೋಗಿದೆ. ಇದ್ದವರು ಈಗಲೇ ನನಗೆ ಹೇಳಿ, ಗಾಡಿ ಸ್ಟಾರ್ಟ್ ಮಾಡುವ ಮೊದಲು.